ಘಟ್ಟದ ಹೊಳೆ ಫೋಟೋ: ನೀರನ್ನ ಹಾಲು ಮಾಡ್ಬೇಕಾ, ಬೇಡ್ವಾ?

ಸೀತಾನದಿ_ಶಟರ್

ಈ ವಾರ ಗುಂಪಲ್ಲಿ ಬಂದಿರೋ ಹೊಳೆ ಫೋಟೋ ಎಲ್ಲಾ ನೋಡ್ದೆ. ಬೇಜಾರ್ ಮಾಡ್ಕೋಬೇಡಿ, ಆದ್ರೆ ಶಟರ್ ತುಂಬಾ ಹೊತ್ತು ತೆರೆದಿಟ್ಟು ಎಲ್ಲಾದ್ರಲ್ಲೂ ನೀರನ್ನ ಹಾಲೇ ಮಾಡಿದ್ದೀರಾ. ಆಗುಂಬೆ ಕೆಳಗಿನ ಸೀತಾನದಿನೂ ಹಾಲು, ಸುಬ್ರಹ್ಮಣ್ಯದ ಕುಮಾರಧಾರೆನೂ ಹಾಲು, ಕಳಸದ ಹತ್ರ ಭದ್ರೆನೂ ಹಾಲು. ಕೆಳಗೆ ಹೆಸರು ಹಾಕಿಲ್ಲಾಂದ್ರೆ ಯಾವುದು ಯಾವ ಹೊಳೆ ಅಂತ ದೇವ್ರಾಣೆ ಗೊತ್ತಾಗಲ್ಲ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಕುದುರೆಮುಖದ ಗಂಗಾಮೂಲದ ಕಡೆಯೇ ಹುಟ್ಟೋದು, ಒಂದೇ ಗುಡ್ಡದ ನೀರು, ಆದ್ರೂ ಸ್ವಲ್ಪ ಕೆಳಗೆ ಬಂದ್ಮೇಲೆ ಮೂರರ ನಡಿಗೆನೇ ಬೇರೆ. ಆ ನಡಿಗೆ ಫೋಟೋದಲ್ಲಿ ಬರ್ಬೇಕಲ್ವಾ?

ನನ್ನ ಲೆಕ್ಕ ಇಷ್ಟೆ. ಸಣ್ಣ ಹಳ್ಳ, ಜೋರು ಇಳಿಜಾರು ಇದ್ರೆ ಶಟರ್ 1/8 ರಿಂದ 1/4 ಸೆಕೆಂಡ್. ನೀರು ಸ್ವಲ್ಪ ನಿಧಾನ ಇದ್ರೆ ಅರ್ಧ ಸೆಕೆಂಡ್. ಅಷ್ಟರಲ್ಲಿ ನೀರಿನ ಎಳೆ ಎಳೆ ಉಳಿಯತ್ತೆ, ಬಂಡೆ ಸುತ್ತಿಕೊಂಡು ಹೋಗೋ ದಾರಿ ಕಾಣತ್ತೆ, ಕಲ್ಲಿನ ತುದಿಯಲ್ಲಿ ಹಾರೋ ಹನಿ ಒಂದೊಂದು ಗೀರಾಗಿ ನಿಲ್ಲತ್ತೆ. ಅದು ದಾಟಿ 10 ಸೆಕೆಂಡ್, 30 ಸೆಕೆಂಡ್ ಅಂತ ಹೋದ್ರೆ ಅಲ್ಲಿರೋದು ಹೊಳೆ ಅಲ್ಲ, ಮಂಜು. ಅತ್ಲಾಗೆ 1/1000 ಇಟ್ಟು ಪೂರ್ತಿ ಹಿಡಿದು ನಿಲ್ಲಿಸಿದ್ರೂ ನಂಗೆ ಇಷ್ಟ ಆಗಲ್ಲ, ನೀರು ಗಾಜಿನ ಚೂರಾಗತ್ತೆ. ಮಳೆಗಾಲದಲ್ಲಿ ಕೆಂಪು ನೀರು ರೊಚ್ಚಿಗೆದ್ದು ಬರ್ತಿರುವಾಗ ಮಾತ್ರ ಅದು ಸರಿ ಅನ್ಸತ್ತೆ.

ಇನ್ನೊಂದು ವಿಷ್ಯ. ಹೋದ ತಕ್ಷಣ ಟ್ರೈಪಾಡ್ ಬಿಚ್ಬೇಡಿ ಸ್ವಾಮಿ. ಒಂದು ಬಂಡೆ ನೋಡ್ಕೊಂಡು ಕೂತ್ಕೊಳ್ಳಿ, ಕಾಲು ನೀರಲ್ಲಿ ಬಿಡಿ, ಮೊಬೈಲ್ ಬ್ಯಾಗಲ್ಲಿ ಇರ್ಲಿ. ಮೊದಲ ಹತ್ತು ನಿಮಿಷ ಕಣ್ಣು ದೊಡ್ಡ ಜಲಪಾತನೇ ನೋಡ್ತಿರತ್ತೆ, ಆಮೇಲೆ ಆಮೇಲೆ ಪಕ್ಕದಲ್ಲಿ ಎರಡು ಕಲ್ಲಿನ ನಡುವೆ ಇಳಿಯೋ ಗೇಣುದ್ದದ ನೀರು ಕಾಣೋಕೆ ಶುರುವಾಗತ್ತೆ, ಒಳ್ಳೆ ಫೋಟೋ ಇರೋದು ಅಲ್ಲೇ. ನೀವೆಲ್ಲಾ ಏನಂತೀರಾ?

ಎನ್‌ಡಿ_ಸಾವಿರ

ನನ್ನ ಫೋಟೋ ನೋಡೇ ಬರ್ದಿರೋದು ಅಂತ ಗೊತ್ತಾಯ್ತು ಬಿಡಿ ಗುರುಗಳೇ 😄

ನಾನು ಒಪ್ಪಲ್ಲ. ಉದ್ದ ಎಕ್ಸ್‌ಪೋಶರ್ ಅಂದ್ರೆ ಬರೀ ಹಾಲು ಅಲ್ಲ. ಜಲಪಾತದ ಕೆಳಗೆ ಗುಂಡಿ ಇರತ್ತಲ್ಲ, ಅಲ್ಲಿ ನೊರೆ ನಿಧಾನವಾಗಿ ಸುತ್ತುತ್ತಾ ಇರತ್ತೆ, ಬರೀ ಕಣ್ಣಿಗೆ ಅದು ಚದುರಿದ ನೊರೆ ಅಷ್ಟೇ, 20 ಸೆಕೆಂಡ್ ಶಟರ್ ಬಿಟ್ಟು ನೋಡಿ, ಪೂರ್ತಿ ಸುಳಿ ವೃತ್ತ ವೃತ್ತವಾಗಿ ಬರತ್ತೆ. ಉದುರಿದ ಎಲೆ ಒಂದು ಸಿಕ್ಕಿಬಿದ್ರೆ ಅದರ ದಾರಿನೂ ಬರತ್ತೆ. ಕಣ್ಣಿಗೆ ಕಾಣದ್ದನ್ನ ಕ್ಯಾಮೆರಾ ತೋರಿಸ್ತಾ ಇದೆ, ಅದರಲ್ಲಿ ತಪ್ಪೇನು?

ಹೊಸಬರಿಗೆ ಲೆಕ್ಕ ಹೇಳ್ಬಿಡ್ತೀನಿ, ಎಲ್ರೂ ಇದನ್ನೇ ಇನ್‌ಬಾಕ್ಸಲ್ಲಿ ಕೇಳ್ತಾರೆ. ಎನ್‌ಡಿ ಅಂದ್ರೆ ಲೆನ್ಸ್ ಮುಂದೆ ಹಾಕೋ ಕಪ್ಪು ಗಾಜು, ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ ಆಗೋದು. 6 ಸ್ಟಾಪ್ ಎನ್‌ಡಿ ಫಿಲ್ಟರ್ ಬೆಳಕನ್ನ 64 ಪಟ್ಟು ಕಮ್ಮಿ ಮಾಡತ್ತೆ, ಅಂದ್ರೆ ಫಿಲ್ಟರ್ ಇಲ್ದೆ 1/15 ಬರ್ತಿದ್ರೆ ಹಾಕಿದ್ಮೇಲೆ ಸುಮಾರು 4 ಸೆಕೆಂಡ್. 10 ಸ್ಟಾಪ್ ಆದ್ರೆ ಸಾವಿರ ಪಟ್ಟು, 1/30 ಇದ್ದದ್ದು 30 ಸೆಕೆಂಡ್ ದಾಟತ್ತೆ. ಫೋಕಸ್ ಮೊದ್ಲೇ ಮಾಡಿ ಮ್ಯಾನುಯಲ್‌ಗೆ ಹಾಕಿ, ಆಮೇಲೆ ಫಿಲ್ಟರ್ ತಿರುಗಿಸಿ, ಕಪ್ಪು ಗಾಜಿನ ಒಳಗಿಂದ ಕ್ಯಾಮೆರಾಗೆ ಫೋಕಸ್ ಸಿಗದೆ ಒದ್ದಾಡತ್ತೆ. ಮತ್ತೆ ಶಟರ್ ಉದ್ದ ಮಾಡೋಕೆ ಅಂತ ಅಪರ್ಚರ್, ಅಂದ್ರೆ ಲೆನ್ಸಿನ ಕಿಂಡಿ, ಎಫ್/22 ರಷ್ಟು ಸಣ್ಣ ಮಾಡ್ಬೇಡಿ, ಬೆಳಕು ಕಿಂಡಿ ಅಂಚಲ್ಲಿ ಬಾಗಿ (ಡಿಫ್ರಾಕ್ಷನ್) ಇಡೀ ಫೋಟೋ ಮಸುಕು, ಎಫ್/8 ರಿಂದ ಎಫ್/11 ಸಾಕು.

ಕುಡ್ಲದ_ಮೊಬೈಲ್

ನೀವೆಲ್ಲ ಎಂತೆಂತ ದೊಡ್ಡ ಕ್ಯಾಮೆರಾ ಮಾತಾಡ್ತಾ ಇದ್ದೀರಿ ಮಾರಾಯ್ರೆ, ನಮ್ಮತ್ರ ಉಂಟು ಒಂದು ಫೋನು. ಅದರಲ್ಲಿ ಹೀಗೆ ನೀರಿನ ಎಳೆ ಬರುವ ಹಾಗೆ ತೆಗಿಲಿಕ್ಕೆ ಆಗ್ತದಾ ಇಲ್ವಾ ಅಷ್ಟು ಹೇಳಿ. ಟ್ರೈಪಾಡ್ ತಗೊಳ್ಳಿಕ್ಕೆ ಹೇಳ್ಬೇಡಿ, ಬೈಕಲ್ಲಿ ಹೋಗುದು ನಾನು.

ಸೀತಾನದಿ_ಶಟರ್

@ಕುಡ್ಲದ_ಮೊಬೈಲ್ ಆಗತ್ತೆ, ಚೆನ್ನಾಗೇ ಆಗತ್ತೆ. ಐಫೋನ್ ಆದ್ರೆ ಲೈವ್ ಫೋಟೋ ಆನ್ ಮಾಡಿ ತೆಗೀರಿ, ಆಮೇಲೆ ಗ್ಯಾಲರಿಯಲ್ಲಿ ಅದನ್ನ ಲಾಂಗ್ ಎಕ್ಸ್‌ಪೋಶರ್ ಅಂತ ಬದಲಾಯಿಸಿ, 2017 ರಿಂದ ಇರೋ ಆಯ್ಕೆ ಅದು, ಎಷ್ಟೋ ಜನ ಮುಟ್ಟೇ ಇಲ್ಲ. ಆಂಡ್ರಾಯ್ಡ್ ಆದ್ರೆ ಪ್ರೋ ಮೋಡ್, ಐಎಸ್ಓ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) ಎಷ್ಟು ಕೆಳಗೆ ಹೋಗತ್ತೋ ಅಷ್ಟು, ಶಟರ್ 1/4. ಬಿಸಿಲಲ್ಲಿ ಬೆಳ್ಳಗೆ ಸುಟ್ಟೋಗತ್ತೆ ಯಾಕಂದ್ರೆ ಸುಮಾರು ಫೋನಲ್ಲಿ ಅಪರ್ಚರ್ ಬದಲಾಯಿಸೋಕೆ ಬರಲ್ಲ, ಅದಕ್ಕೆ ಬೆಳಗಿನ ಜಾವ ಅಥವಾ ಮರದ ನೆರಳು. ಟ್ರೈಪಾಡ್ ಬದಲು ಬಂಡೆ ಮೇಲೆ ಚಪ್ಪಲಿ ಇಟ್ಟು ಅದಕ್ಕೆ ಫೋನ್ ಒರಗಿಸಿ, 2 ಸೆಕೆಂಡ್ ಟೈಮರ್ ಹಾಕಿ ಕೈ ತೆಗೀರಿ. ತೂಗುಪಟ್ಟಿ ಕಟ್ಟಿರ್ಲಿ ಆಯ್ತಾ, ಜಾರಿದ್ರೆ ಫೋನ್ ಸೀದಾ ಅರಬ್ಬಿ ಸಮುದ್ರಕ್ಕೆ.

ದುಡ್ಡು ಹಾಕೋದೇ ಆದ್ರೆ ಎನ್‌ಡಿಗಿಂತ ಮೊದ್ಲು ಪೋಲರೈಸರ್, ಅಂದ್ರೆ ಹೊಳಪು ಇಳಿಸೋ ಫಿಲ್ಟರ್, ತಗೊಳ್ಳಿ ಅಂತೀನಿ ನಾನು. ಇದೊಂದನ್ನ ಮಾತ್ರ ಆಮೇಲೆ ಕಂಪ್ಯೂಟರಲ್ಲಿ ಮಾಡೋಕೆ ಆಗಲ್ಲ. ಒದ್ದೆ ಬಂಡೆ ನೋಡಿ, ಮೇಲೆ ಆಕಾಶದ ಬಿಳುಪು ಹೊಳೀತಿರತ್ತೆ, ಎಲೆ ಮೇಲೂ ಅದೇ ಬಿಳುಪು. ಫಿಲ್ಟರನ್ನ ನಿಧಾನ ತಿರುಗಿಸ್ತಾ ಹೋದ್ರೆ ಒಂದು ಕಡೆ ಬಂದಾಗ ಆ ಹೊಳಪು ಸರಕ್ಕನೆ ಇಳಿಯತ್ತೆ, ಬಂಡೆ ಕಪ್ಪಾಗತ್ತೆ, ಪಾಚಿ ಹಸಿರಾಗತ್ತೆ, ನೀರಿನ ತಳ ಮೇಲೆ ಬರತ್ತೆ, ಕೊಳೆತ ಎಲೆ, ಕೆಂಪು ಕಲ್ಲು, ಕಲ್ಲಿಗೆ ಮೂತಿ ಇಟ್ಟು ನಿಂತ ಸಣ್ಣ ಮೀನು. ಶೃಂಗೇರಿಯಲ್ಲಿ ತುಂಗೆ ಮೆಟ್ಟಿಲ ಮೇಲೆ ನಿಂತು ತಿರುಗಿಸಿ ನೋಡಿ, ನೀರು ಇಲ್ವೇನೋ ಅನ್ನೋ ಹಾಗೆ ಮೀನು ಕಾಣ್ಸತ್ತೆ. ಒಂದೂವರೆ ಎರಡು ಸ್ಟಾಪ್ ಬೆಳಕು ಅದೇ ತಿನ್ನತ್ತೆ, ಹಾಗಾಗಿ ಮೋಡ ಇರೋ ದಿನ ಕಾಡೊಳಗೆ ಐಎಸ್ಓ 100, ಎಫ್/11 ಇಟ್ರೆ ಎನ್‌ಡಿ ಇಲ್ದೇನೇ ಅರ್ಧ ಸೆಕೆಂಡ್ ಆಸುಪಾಸು ಬಂದುಬಿಡತ್ತೆ. ಎಕ್ಸ್‌ಪೋಶರ್ ಸ್ವಲ್ಪ ಕಮ್ಮಿನೇ ಇಡಿ. ಬಿಳಿ ನೀರು ಒಂದ್ಸಲ ಸುಟ್ಟೋದ್ರೆ ವಾಪಸ್ ಬರಲ್ಲ, ಕತ್ತಲಾದ ಬಂಡೆಯನ್ನ ಆಮೇಲೆ ಎತ್ಕೋಬಹುದು.

ಪೂರ್ತಿ ತಿರುಗಿಸ್ಬೇಡಿ ಆದ್ರೆ. ಎಲ್ಲಾ ಹೊಳಪೂ ಹೋದ್ರೆ ನೀರು ಒದ್ದೆ ಅಂತಲೇ ಅನ್ಸಲ್ಲ.

ಶಿರಸಿ_ಸೀಮೆಯವಳು

ಎಲ್ಲಾ ಓದಿದೆ, ಉಪಯೋಗದ ಮಾತೇ. ಆದ್ರೆ ಫೋಟೋ ತೆಗೆದಾದ್ಮೇಲೆ ಎಂಥ ಮಾಡ್ತೀರಿ ಅನ್ನೋದು ನನ್ನ ಪ್ರಶ್ನೆ.

ನಮ್ಮ ಬದಿ ಅಘನಾಶಿನಿ ಇದೆ, ಶಿರಸಿ ಹತ್ರ ಹುಟ್ಟಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಕುಮಟಾ ಹತ್ರ ಸಮುದ್ರ ಸೇರ್ತದೆ, ನಡುವೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಕೆಳಗಿನ ಅಳಿವೆ 2024 ರಲ್ಲಿ ರಾಮ್ಸರ್ ಅನ್ನೋ ಅಂತರರಾಷ್ಟ್ರೀಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಉಂಚಳ್ಳಿ, ಸಹಸ್ರಲಿಂಗ ಎಲ್ಲಾ ಹೆಂಗೂ ಎಲ್ಲರಿಗೂ ಗೊತ್ತು, ಬರ್ಲಿ, ನೋಡ್ಲಿ. ನಾನು ಹೇಳ್ತಿರೋದು ಹೆಸರೇ ಇಲ್ಲದ ಹಳ್ಳದ ಬಗ್ಗೆ. ನಮ್ಮ ತೋಟದ ಕೆಳಗೆ ಒಂದು ಹಳ್ಳ, ಬೇಸಿಗೆಯಲ್ಲೂ ಬತ್ತೂದಿಲ್ಲ, ಹುಡುಗ್ರಿದ್ದಾಗ ಅಲ್ಲೇ ನಮ್ಮ ಸ್ನಾನ, ಬಟ್ಟೆ, ಏಡಿ ಹಿಡಿಯೋದು ಎಲ್ಲ. ಯಾರೋ ಪುಣ್ಯಾತ್ಮ ರೀಲ್ ಮಾಡಿ ಲೊಕೇಶನ್ ಪಿನ್ ಹಾಕಿದ. ಈಗ ಶನಿವಾರ ಬಂತು ಅಂದ್ರೆ ಗೇಟ್ ಹತ್ರ ಕಾರು, ಕಾರೊಳಗಿಂದ ಸ್ಪೀಕರ್. ಗುಂಡಿಯಲ್ಲಿ ಒಡೆದ ಬಾಟ್ಲಿ ಬಿದ್ದಿರ್ತದೆ, ಬರಿಗಾಲಲ್ಲಿ ಇಳಿಯೋ ಹಾಗಿಲ್ಲ. ಅಡಿಕೆಗೆ ಮದ್ದು ಹೊಡೆಯೋಕೆ ಬಂದ ಆಳಿನ ಕಾಲು ಸೀಳಿತು ಹೋದ ವರ್ಷ.

ಇನ್ನೊಂದು, ಫೋಟೋಕ್ಕೆ ಅಡ್ಡ ಬರ್ತದೆ ಹೇಳಿ ಕಲ್ಲು ಎತ್ತಿ ಆಚೆ ಇಡ್ತಾರಲ್ಲ, ದಯಮಾಡಿ ಮಾಡ್ಬೇಡಿ. ಆ ಕಲ್ಲಿನಡಿಗೇ ಇರೋದು ಎಲ್ಲ. ನಮ್ಮ ಹಳ್ಳದಲ್ಲಿ ಕುಣಿಯೋ ಕಪ್ಪೆ ಇದೆ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ನೀರಿನ ಗಲಾಟೆಯಲ್ಲಿ ಕೂಗಿದ್ದು ಕೇಳ್ಸೋದು ಕಷ್ಟ ಅಲ್ದಾ, ಅದಕ್ಕೆ ಗಂಡು ಕಪ್ಪೆ ಒದ್ದೆ ಕಲ್ಲಿನ ಮೇಲೆ ಕೂತು ಹಿಂಗಾಲನ್ನ ಪಕ್ಕಕ್ಕೆ ಚಾಚಿ ಬೆರಳು ಬಿಡಿಸಿ ಬಾವುಟ ತೋರಿಸಿದ ಹಾಗೆ ತೋರಿಸ್ತದೆ, ಮತ್ತೆ ಮಡಚ್ಕೊಳ್ತದೆ. ಆಮೇಲೆ ಇನ್ನೊಂದು ಕಾಲು. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರೋ ಜಾತಿ, 2014 ರಲ್ಲಿ ಒಂದೇ ಸಲ 14 ಹೊಸ ಪ್ರಭೇದ ಗುರ್ತಿಸಿದ್ರು ವಿಜ್ಞಾನಿಗಳು. ಮಳೆಗಾಲ ಕಳೀತಾ ಬಂದ ಹಾಗೆ ನೋಡ್ಲಿಕ್ಕೆ ಸಿಗ್ತದೆ, ಅಲ್ಲಾಡದೆ ಕೂತ್ರೆ ಮಾತ್ರ. ಟ್ರೈಪಾಡ್ ಕಾಲು ಎಲ್ಲಿ ಊರ್ತೀರಿ ಅಂತ ಒಂದ್ಸಲ ಬಗ್ಗಿ ನೋಡಿ ಊರಿ.

ವೀಕೆಂಡ್_ಸಂಚಾರಿ

ಮೇಡಂ ಬೇಜಾರಾಗ್ಬೇಡಿ ಆದ್ರೆ ಹೊಳೆ ಯಾರಪ್ಪಂದೂ ಅಲ್ಲ. ನೀವು ಅಲ್ಲೇ ಹುಟ್ಟಿದ್ರಿ ದಿನಾ ನೋಡ್ತೀರಿ, ನಾವು ಬೆಂಗ್ಳೂರಲ್ಲಿ ವಾರಪೂರ್ತಿ ಸಿಲ್ಕ್ ಬೋರ್ಡ್ ಸಿಗ್ನಲ್ ನೋಡ್ಕೊಂಡು ಬದುಕೋರು, ನಮಗೂ ಒಂದಿನ ತಣ್ಣಗೆ ಕೂರೋಕೆ ಜಾಗ ಬೇಡ್ವಾ? ಬಾಟ್ಲಿ ಒಡೆಯೋನು ಬೇರೆ, ನಾವು ಬೇರೆ. ಲೊಕೇಶನ್ ಕೇಳಿದ್ರೆ ಮುಚ್ಚಿಡೋದು ನಂಗ್ಯಾಕೋ ಸರಿ ಅನ್ಸಲ್ಲ, ಗೊತ್ತಿರೋರು ಮಾತ್ರ ಅನುಭವಿಸ್ಬೇಕು ಅನ್ನೋ ಹಾಗಿದೆ.

ಶಿರಸಿ_ಸೀಮೆಯವಳು

ಬನ್ನಿ ತಮ್ಮಾ, ಬರಬೇಡಿ ಅಂದ್ನಾ? ಮನೆಗೆ ಬಂದು ಕೇಳಿದ್ರೆ ಮಜ್ಜಿಗೆ ಕೊಟ್ಟು ದಾರಿ ತೋರಿಸ್ತೇವೆ. ಪಿನ್ ಹಾಕಿದ್ರೆ ಕೇಳೋ ಕೆಲಸ ಇಲ್ಲ ನೋಡಿ, ಅದೇ ತೊಂದರೆ. ಕೇಳಿ ಬಂದವನು ಗಲಾಟೆ ಮಾಡಿದ್ದು ನಾನಂತೂ ನೋಡಿಲ್ಲ.

ಸೀತಾನದಿ_ಶಟರ್

ನಾನು ನದಿ ಹೆಸರು, ತಾಲೂಕು ಅಷ್ಟೇ ಹಾಕ್ತೀನಿ, ಪಿನ್ ಇಲ್ಲ, ಫೋಟೋ ಫೈಲಲ್ಲಿ ಕೂತಿರೋ ಜಿಪಿಎಸ್‌ನೂ ಅಳಿಸಿ ಹಾಕ್ತೀನಿ. ಸುಮಾರು ಜನಕ್ಕೆ ಗೊತ್ತಿರಲ್ಲ, ಮೊಬೈಲಲ್ಲಿ ತೆಗ್ದ ಒರಿಜಿನಲ್ ಫೈಲ್ ಕಳ್ಸಿದ್ರೆ ಅದರೊಳಗೆ ಜಾಗದ ಅಕ್ಷಾಂಶ ರೇಖಾಂಶ ಸಮೇತ ಹೋಗತ್ತೆ. ಕ್ಯಾಮೆರಾ ಸೆಟ್ಟಿಂಗಲ್ಲಿ ಲೊಕೇಶನ್ ಟ್ಯಾಗ್ ಆಫ್ ಮಾಡಿಡಿ.

ಸುಳ್ಯದ_ಮಾಷ್ಟ್ರು

ಲೊಕೇಶನ್ ವಿಷಯದಲ್ಲಿ ಇನ್ನೊಂದು ಉಂಟು, ಅದನ್ನು ಯಾರೂ ಹೇಳ್ಲಿಲ್ಲ. ಪಿನ್ ನೋಡಿ ಬರುವವನಿಗೆ ಆ ಹೊಳೆಯ ಗುಣ ಗೊತ್ತಿರುದಿಲ್ಲ.

ನಮ್ಮ ಕಡೆ ಪಯಸ್ವಿನಿ, ಕುಮಾರಧಾರೆ ಎಲ್ಲ ಘಟ್ಟದಿಂದ ಸೀದಾ ಇಳಿಯುವ ಹೊಳೆಗಳು. ಕೆಳಗೆ ಬಿಸಿಲಿದ್ದರೂ ಮೇಲೆ ಗುಡ್ಡದಲ್ಲಿ ಮಳೆ ಬಿದ್ದರೆ ಸ್ವಲ್ಪ ಹೊತ್ತಿಗೆ ನೀರು ಬಂತೇ. ಫೋಟೋ ತೆಗೆಯುವವರಿಗೆ ಇದು ಹೆಚ್ಚು ಅಪಾಯ ಯಾಕೆಂದರೆ ಕಣ್ಣು ವ್ಯೂಫೈಂಡರಲ್ಲಿ, ಕಿವಿ ನೀರಿನ ಸದ್ದಿಗೆ ಒಗ್ಗಿ ಹೋಗಿರ್ತದೆ. ನೋಡಬೇಕಾದ್ದು ಇಷ್ಟು. ತಿಳಿ ನೀರು ಕಲಕು ಬಣ್ಣಕ್ಕೆ ತಿರುಗಿದರೆ ಏಳಿ. ಇಲ್ಲದಿದ್ದ ಕಸ, ಒಣ ಎಲೆ, ಕಡ್ಡಿ ಒಟ್ಟೊಟ್ಟಿಗೆ ತೇಲಿ ಬಂದರೆ ಏಳಿ. ಸದ್ದು ದಪ್ಪ ಆದರೆ ಬ್ಯಾಗ್ ಕಟ್ಟುದು ಬೇಡ, ಹಾಗೇ ದಡ ಹತ್ತಿ. ಬರುವಾಗ ಒಂದು ಬಂಡೆ ಗುರ್ತು ಇಟ್ಟುಕೊಳ್ಳಿ, ನೀರಿನ ಗೆರೆ ಅದರ ಮೇಲೆ ಎಲ್ಲಿ ಉಂಟು ಅಂತ ಆಗಾಗ ನೋಡ್ತಾ ಇರಿ. ಹೊಳೆ ನಡುವಿನ ಬಂಡೆಗೆ ಹಾರಿ ಹೋಗುದು ಸುಲಭ, ವಾಪಸ್ ಬರುವ ದಾರಿ ನೀರಿನಡಿ ಹೋಗಿರ್ತದೆ.

ಕಪ್ಪಗೆ ನುಣ್ಣಗೆ ಕಾಣುವ ಬಂಡೆ ಮೇಲೆ ಕಾಲಿಡಬೇಡಿ, ಒಣಗಿದ ಹಾಗೆ ಕಂಡರೂ ಪಾಚಿ ಇರ್ತದೆ. 2023 ರ ಜುಲೈಯಲ್ಲಿ ಕೊಲ್ಲೂರು ಹತ್ತಿರ ಅರಶಿನಗುಂಡಿಯಲ್ಲಿ ಬಂಡೆ ಮೇಲೆ ನಿಂತಿದ್ದ ಹುಡುಗ ಜಾರಿ ಹೋದ ವೀಡಿಯೋ ನೀವೆಲ್ಲ ನೋಡಿರಬಹುದು, ಒಂದು ಹೆಜ್ಜೆ ಅಷ್ಟೇ. ಮೇಲೆ ಡ್ಯಾಂ, ಪವರ್ ಹೌಸ್ ಇರುವ ಹೊಳೆಯಾದರೆ ಮಳೆ ಇಲ್ಲದೆಯೂ ನೀರು ಏರ್ತದೆ. ಹಿಮಾಚಲದಲ್ಲಿ 2014 ರ ಜೂನಲ್ಲಿ ಲಾರ್ಜಿ ಡ್ಯಾಂ ನೀರು ಬಿಟ್ಟಾಗ ಬಿಯಾಸ್ ನದಿಯ ಬಂಡೆಗಳ ಮೇಲೆ ಫೋಟೋಕ್ಕೆ ನಿಂತಿದ್ದ ಹೈದರಾಬಾದ್ ಕಾಲೇಜಿನ 24 ವಿದ್ಯಾರ್ಥಿಗಳು ಕೊಚ್ಚಿ ಹೋದ್ರು. ಆ ಮಕ್ಕಳಿಗೆ ನದಿ ಶಾಂತವಾಗಿಯೇ ಕಂಡದ್ದು.

ನಮ್ಮ ಊರಲ್ಲೂ 2018 ರ ಆಗಸ್ಟಲ್ಲಿ ಜೋಡುಪಾಲ ಕಡೆ ಗುಡ್ಡ ಜರಿದಾಗ ಪಯಸ್ವಿನಿ ಕೆಂಪು ಕೆಸರಾಗಿ ಬುಡ ಸಮೇತ ಮರ ಹೊತ್ತುಕೊಂಡು ಬಂತು. ಆಗ ಸೇತುವೆ ಮೇಲೆ ಸೆಲ್ಫಿ ತೆಗೆಯುವವರೂ ಇದ್ರು ಬಿಡಿ, ಅದು ಬೇರೆ ಕಥೆ.

ಧಾರವಾಡದಾಂವ

ಮಾಷ್ಟ್ರು ಸದ್ದಿನ ವಿಷಯ ತಗದ್ರು, ಅದಕ್ಕ ನಾನೂ ಬಂದ್ನಿರೀ. ನನ್ನ ಕಡೆ ಕ್ಯಾಮೆರಾನ ಇಲ್ಲ, ಒಂದು ಸಣ್ಣ ರೆಕಾರ್ಡರ್ ಐತಿ. ನಮ್ಮ ಊರ ಸೋಮೇಶ್ವರದಾಗ ಹುಟ್ಟೂ ಶಾಲ್ಮಲಾ ಮುಂದ ಬೇಡ್ತಿ ಸೇರಿ, ಯಲ್ಲಾಪುರ ಕಡೆ ಮಾಗೋಡಿನ್ಯಾಗ ಧುಮುಕಿ, ಗಂಗಾವಳಿ ಅನ್ನೋ ಹೆಸರಿಲೆ ಸಮುದ್ರಕ್ಕ ಹೋಗತೈತಿ. ಅದರ ದಂಡೀ ಹಿಡದು ಅಲ್ಲಲ್ಲೆ ಸದ್ದು ಹಿಡಕೊಂಡು ಹೋಗೂದು ನನ್ನ ಹುಚ್ಚು.

ಒಂದು ಮಜಾ ಹೇಳ್ತೇನಿ ಕೇಳ್ರಿ. ನೀರು ಕಲ್ಲಿಗೆ ಬಡಿಯೂದ್ರಿಂದ ಸದ್ದು ಬರತೈತಿ ಅಂತ ನಾವು ತಿಳಕೊಂಡಿರ್ತೀವಿ. ಬಹುಪಾಲು ಅದು ಹಂಗಲ್ಲ. ನೀರಿನೊಳಗ ಸಿಕ್ಕೊಂಡ ಗಾಳಿ ಗುಳ್ಳಿ ನಡಗತಾವು, ಅದರ ಸದ್ದು. ಗುಳ್ಳಿ ಸಣ್ಣದಿದ್ರ ಸಣ್ಣ ಸ್ವರ, ದೊಡ್ಡದಿದ್ರ ದಪ್ಪ ಸ್ವರ. 1933 ರಾಗ ಮಿನ್ನಾರ್ಟ್ ಅನ್ನೂ ವಿಜ್ಞಾನಿ ಇದರ ಲೆಕ್ಕಾನೂ ಬರದು ಇಟ್ಟಾನ. ಅದಕ್ಕ ಆಳಾದ ನೀರು ಎಷ್ಟ ಜೋರ್ ಹರೀಲಿ, ಮ್ಯಾಲೆ ಮುರೀಲಿಲ್ಲ ಅಂದ್ರ ಸದ್ದ ಇರೂದಿಲ್ಲ. ಗುಳ್ಳಿ ಇದ್ದಲ್ಲೆ ಸದ್ದು. ಮತ್ತ ನಿಮ್ಮ ಫೋಟೋದಾಗ ನೀರು ಬೆಳ್ಳಗ ಕಾಣೂದು ಯಾಕ? ಅದೂ ಅದ ಗುಳ್ಳಿ, ಬೆಳಕು ಚದುರಸತಾವು. ಕಣ್ಣಿಗೆ ಕಾಣೂ ಬಿಳುಪೂ ಕಿವಿಗೆ ಕೇಳೂ ಸದ್ದೂ ಒಂದ ಕಡೆಯಿಂದ ಬರೂದು.

ಮಂದಿ ಜಲಪಾತದ ಬುಡಕ್ಕ ಹೋಗಿ ರೆಕಾರ್ಡ್ ಮಾಡ್ತಾರ, ಮನ್ಯಾಗ ಬಂದು ಕೇಳಿದ್ರ ಬರೇ ಸುಯ್ಯ್ ಅಂತೈತಿ, ಟಿವಿ ಕೆಟ್ಟಂಗ. ಹಂಗ ಮಾಡಬ್ಯಾಡ್ರಿ. ದೊಡ್ಡ ನೀರು ಬಿಟ್ಟು ಒಂದು ಹದಿನೈದು ಇಪ್ಪತ್ತು ಹೆಜ್ಜಿ ಈ ಕಡೆ ಬರ್ರಿ, ಕಲ್ಲಿನ ಸಂದ್ಯಾಗ ಹನಿ ಹನಿ ಬೀಳೂ ಜಾಗಾ ಹುಡುಕ್ರಿ, ಫೋನ್ ಅದರ ಹತ್ರ ಹಿಡೀರಿ, ಗಾಳಿಗೆ ಅಡ್ಡ ನಿಮ್ಮ ಮೈ ಇರ್ಲಿ. ಅಲ್ಲೆ ಸ್ವರ ಸ್ವರ ಬಿಡಿಸಿ ಕೇಳತೈತಿ. ಮಾರ್ಚ್ ಏಪ್ರಿಲ್‌ದಾಗ ಹೋದ್ರ ಜೀರುಂಡಿ ಕಿವಿ ಕಿತ್ತ ಹಾಕತಾವು, ಶಾಂತತೆ ಗೀಂತತೆ ಏನಿಲ್ಲ ಅಲ್ಲೆ, ಆದ್ರ ಒಮ್ಮೆಲೆ ಎಲ್ಲಾ ಬಂದ್ ಆಕ್ಕಾವ ನೋಡ್ರಿ, ಆ ಒಂದು ಕ್ಷಣಕ್ಕ ನಾ ಎಷ್ಟ್ ಹೊತ್ತಾದ್ರೂ ಕುಂದರ್ತೇನಿ. ನಸುಕಿನ್ಯಾಗ ಮಲಬಾರ್ ವಿಸ್ಲಿಂಗ್ ಥ್ರಶ್ ಹಕ್ಕಿ ಸಿಕ್ಕಿತಂದ್ರ ನಿಮ್ಮ ಪುಣ್ಯ, ಹುಡುಗ ಯಾವನೋ ಹಾದಿ ತಪ್ಪಿ ಸಿಳ್ಳಿ ಹೊಡಕೋತ ಹೊಂಟಾನ ಅನಸತೈತಿ, ಹೊಳಿ ಸದ್ದಿನ ಮ್ಯಾಲೆ ಚೊಕ್ಕ ಕೇಳತೈತಿ.

ಸೀತಾನದಿ_ಶಟರ್

@ಧಾರವಾಡದಾಂವ ಗುಳ್ಳೆ ವಿಷ್ಯ ಗೊತ್ತಿರ್ಲಿಲ್ಲ, ಇದನ್ನ ಓದಿ ಎದ್ದು ಕೂತೆ. ಹಾಗಾದ್ರೆ 30 ಸೆಕೆಂಡ್ ಶಟರಲ್ಲಿ ಅಳಿಸಿ ಹೋಗೋದು ಸದ್ದು ಮಾಡೋ ಭಾಗನೇ ಅಲ್ವಾ? ಅರ್ಧ ಸೆಕೆಂಡ್ ಫೋಟೋ ನೋಡಿದ್ರೆ ನಂಗೆ ಹೊಳೆ ಕೇಳ್ಸತ್ತೆ, ಉದ್ದದ್ದು ನೋಡಿದ್ರೆ ಕೇಳ್ಸಲ್ಲ, ಯಾಕಂತ ಈಗ ಹೊಳೀತು. @ಎನ್‌ಡಿ_ಸಾವಿರ ಎಲ್ಲಿದ್ದೀರಾ ಸ್ವಾಮಿ?

ಎನ್‌ಡಿ_ಸಾವಿರ

ಇಲ್ಲೇ ಇದ್ದೀನಿ. ಆ ವಾದನ ನಾನು ತಿರುಗಿಸಿ ಹೇಳ್ತೀನಿ. ನಾನು ಹೊಳೆಗೆ ಹೋಗೋದೇ ಅದಕ್ಕೆ, ತಲೆಯೊಳಗಿನ ಗದ್ದಲ ನಿಲ್ಲೋಕೆ. ಒಂದು ಗಂಟೆ ಕೂತ್ಮೇಲೆ ಸದ್ದು ಕಿವಿಗೆ ಬೀಳೋದೇ ನಿಂತೋಗತ್ತೆ, ನಿಮಗೂ ಆಗಿರತ್ತೆ. ನನ್ನ 30 ಸೆಕೆಂಡ್ ಫೋಟೋ ಆ ಹೊತ್ತಿಂದು. ನಿಮ್ಮದು ಬಂದ ಮೊದಲ ನಿಮಿಷದ್ದು. ಎರಡೂ ಅದೇ ಹೊಳೆ. ಅಲ್ದೆ ಶಟರ್ ಬಿಟ್ಟ 30 ಸೆಕೆಂಡ್ ನಾನು ಏನೂ ಮಾಡೋ ಹಾಗಿಲ್ಲ, ಕ್ಯಾಮೆರಾ ಮುಟ್ಟೋ ಹಾಗಿಲ್ಲ, ಕೈ ಕಟ್ಕೊಂಡು ನೀರು ನೋಡ್ಬೇಕು ಅಷ್ಟೇ. 1/4 ರವರು ಚಕ ಚಕ ಅಂತ ಇನ್ನೂರು ಫ್ರೇಮ್ ಹೊಡೀತಿರ್ತಾರೆ, ಯಾರು ಸುಮ್ನೆ ಕೂತಿರೋದು ಹೇಳಿ?

ಸೀತಾನದಿ_ಶಟರ್

ಈ ಪಾಯಿಂಟಿಗೆ ಮಾತ್ರ ಉತ್ತರ ಇಲ್ಲ ನನ್ನತ್ರ 😂 ಆದ್ರೂ ಫೋಟೋ ನಂದೇ ಚೆನ್ನಾಗಿರೋದು.

ಆಲ್ಪ್ಸ್_ಕನ್ನಡಿಗ

ಸ್ವಿಟ್ಜರ್ಲೆಂಡಿಂದ ಓದ್ತಾ ಇದ್ದೀನಿ, ಊರು ಚಿಕ್ಕಮಗಳೂರು. ಇಲ್ಲಿ ಲೌಟರ್‌ಬ್ರೂನನ್ ಕಣಿವೆಗೆ ನಮ್ಮವರು ಎಲ್ಲಾ ಬರ್ತಾರೆ, ಸ್ಟೌಬಾಕ್ ಜಲಪಾತದ ಮುಂದೆ ನಿಂತು ಫೋಟೋ, ಹೊರಟೋದ್ರು. 297 ಮೀಟರ್ ಅದು, ಜೋಗಕ್ಕಿಂತ ಎತ್ತರ, ಆದ್ರೆ ಗಾಳಿಗೆ ನೀರು ಅರ್ಧ ದಾರಿಯಲ್ಲೇ ಪುಡಿಯಾಗಿ ಹಾರಿ ಹೋಗತ್ತೆ, ಜೋಗದ ಆ ತೂಕ ಇಲ್ಲ ಬಿಡಿ, ಲಿಂಗನಮಕ್ಕಿ ಗೇಟ್ ತೆಗೆದಾಗ ನೋಡಿರೋರಿಗೆ ಗೊತ್ತು.

ಫೋಟೋ ವಿಷ್ಯಕ್ಕೆ ಬಂದ್ರೆ ಇಲ್ಲಿನ ನೀರೇ ಬೇರೆ. ಹಿಮನದಿ ಜಾರುವಾಗ ತಳದ ಬಂಡೆಯನ್ನ ಅರೆದು ಅತಿ ನುಣ್ಣನೆ ಪುಡಿ ಮಾಡತ್ತೆ, ಅದು ನೀರಲ್ಲಿ ತೇಲ್ತಾನೇ ಬರತ್ತೆ. ಹೊಳೆಯಲ್ಲಿ ಅದು ಬೂದು ಬಣ್ಣ, ಕೆರೆಗೆ ಬಂದು ದಪ್ಪ ಪುಡಿ ಕೆಳಗೆ ಕೂತ್ಮೇಲೆ ಉಳಿದದ್ದು ಬೆಳಕು ಚದುರಿಸಿ ಹಸಿರು ನೀಲಿ. ಹಾಗಾಗಿ ಪೋಲರೈಸರ್ ಎಷ್ಟು ತಿರುಗಿಸಿದ್ರೂ ತಳ ಕಾಣಲ್ಲ, ಮಲೆನಾಡಿನ ತಿಳಿನೀರಿಗೆ ಮಾಡೋ ಟ್ರಿಕ್ ಇಲ್ಲಿ ನಡಿಯಲ್ಲ. ಮತ್ತೆ ಹಿಮ ಕರಗೋ ನದಿಗೆ ದಿನದ ಲೆಕ್ಕ ಇದೆ, ಬೆಳಗ್ಗೆ ಕಮ್ಮಿ, ಬಿಸಿಲೇರಿದ ಹಾಗೆ ಏರತ್ತೆ, ಮಧ್ಯಾಹ್ನದ ಮೇಲೆ ಸಂಜೆವರೆಗೂ ಜೋರು. ಹಿಮಾಲಯಕ್ಕೆ ಹೋಗೋರೂ ಇದನ್ನ ನೆನಪಿಟ್ಕೊಳ್ಳಿ, ಬೆಳಗ್ಗೆ ಆರಾಮಾಗಿ ದಾಟಿದ ಹಳ್ಳ ಸಂಜೆ ದಾಟೋಕೆ ಬಿಡಲ್ಲ. ಟ್ರುಮ್ಮೆಲ್‌ಬಾಕ್ ಅಂತ ಬೆಟ್ಟದ ಹೊಟ್ಟೆಯೊಳಗೇ ಇಳಿಯೋ ಜಲಪಾತ ಇದೆ, ಐಗರ್, ಮೋಂಖ್, ಯುಂಗ್‌ಫ್ರಾವ್ ಮೂರು ಶಿಖರದ ಹಿಮದ ನೀರು, ಸೆಕೆಂಡಿಗೆ 20,000 ಲೀಟರ್ ತನಕ. ಒಳಗೆ ನಿಂತ್ರೆ ಬಂಡೆ ನಡುಗೋದು ಕಾಲಿಗೆ ಗೊತ್ತಾಗತ್ತೆ, ಟ್ರೈಪಾಡ್ ಅಲ್ಲಿ ತಗೊಂಡೋಗಿ ಪ್ರಯೋಜನನೇ ಇಲ್ಲ.

ಡ್ಯಾಂ ಕೆಳಗಿನ ಹೊಳೆಗಳ ದಡದಲ್ಲಿ ಇಲ್ಲಿ ಬೋರ್ಡ್ ಇರತ್ತೆ, ಬಿಸಿಲಿದ್ರೂ ನೀರು ಏಕಾಏಕಿ ಬರಬಹುದು ಅಂತ, ಅಕ್ಷರ ಬರದೋರಿಗೂ ಅರ್ಥ ಆಗೋ ಚಿತ್ರ ಸಮೇತ. ಮಾಷ್ಟ್ರು ಹೇಳಿದ್ದು ಓದಿ ಅದೇ ನೆನಪಾಯ್ತು, ನಮ್ಮ ಕಡೆನೂ ಹಾಕ್ಬಹುದು, ದೊಡ್ಡ ಖರ್ಚೇನಲ್ಲ.

ಹೊಸ_ಲೆನ್ಸು

ಎಲ್ಲಾ ಓದಿ ತಲೆ ತುಂಬಿತು. ಎರಡು ಪ್ರಶ್ನೆ. ಒಂದು, ಮಳೆಗಾಲದಲ್ಲಿ ಮೂಡಿಗೆರೆ ಕಡೆ ಹೋಗ್ತಿದ್ದೀನಿ, ಹೊಸ ಲೆನ್ಸು, ಫಂಗಸ್ ಬರತ್ತೆ ಅಂತ ಹೆದರಿಸಿದಾರೆ. ಎರಡು, ಇಂಬಳ. ನಗಬೇಡಿ, ನಂಗೆ ನಿಜವಾಗ್ಲೂ ಭಯ.

ಎನ್‌ಡಿ_ಸಾವಿರ

ಫಂಗಸ್ ಬರೋದು ಒಂದಿನ ಮಳೇಲಿ ತೆಗ್ದಿದ್ದಕ್ಕಲ್ಲ, ಒದ್ದೆ ಬ್ಯಾಗಲ್ಲೇ ವಾರಗಟ್ಟಲೆ ಮುಚ್ಚಿಟ್ಟಿದ್ದಕ್ಕೆ. ಬಂದ ದಿನನೇ ಬ್ಯಾಗ್ ಖಾಲಿ ಮಾಡಿ, ಒಣ ಬಟ್ಟೇಲಿ ಒರೆಸಿ, ಗಾಳಿ ಬಿಗಿ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಅದರೊಳಗಿಡಿ. ಸಣ್ಣ ತೇವಮಾಪಕ ಸಿಗತ್ತೆ, ಡಬ್ಬಿ ಒಳಗೆ ಬಿಡಿ, 40 ರಿಂದ 50 ಪರ್ಸೆಂಟ್ ಇದ್ರೆ ಸಾಕು. ಸಿಲಿಕಾ ಬಣ್ಣ ಬದಲಾದ್ರೆ ಬಾಣಲೆಯಲ್ಲಿ ಸಣ್ಣ ಉರೀಲಿ ಬಿಸಿ ಮಾಡಿದ್ರೆ ಮತ್ತೆ ಕೆಲಸಕ್ಕೆ ಬರತ್ತೆ, ಅಡುಗೆ ಬಾಣಲೆ ಬೇಡ, ಹಳೇದು ಯಾವುದಾದ್ರೂ. ಎಸಿ ಕಾರಿಂದ ಇಳಿದ ತಕ್ಷಣ ಕ್ಯಾಮೆರಾ ಹೊರಗೆ ತೆಗೀಬೇಡಿ, ಗಾಜಿನ ಮೇಲೆಲ್ಲಾ ಬೆವರು ಕೂರತ್ತೆ, ಬ್ಯಾಗೊಳಗೇ ಸ್ವಲ್ಪ ಹೊತ್ತು ಬಿಡಿ. ಮತ್ತೆ ಟ್ರೈಪಾಡ್ ಕಾಲು ಹರಿಯೋ ನೀರಲ್ಲಿ ಇಟ್ರೆ ನಡುಗತ್ತೆ, ನಡು ಕಂಬ ಮೇಲೆತ್ತಬೇಡಿ, ತಗ್ಗಾಗಿ ಅಗಲ ಮಾಡಿ ಇಡಿ.

ಶಿರಸಿ_ಸೀಮೆಯವಳು

ಉಂಬಳಕ್ಕೆ ಹೆದರೂದೆಂಥಕೆ, ವಿಷ ಇಲ್ಲ, ನೋವೂ ಇಲ್ಲ, ಕಚ್ಚಿದ್ದೇ ಗೊತ್ತಾಗೂದಿಲ್ಲ. ನಮ್ಮಲ್ಲಿ ಹೊಗೆಸೊಪ್ಪಿನ ನೀರು, ಸುಣ್ಣ ಕಾಲಿಗೆ ಹಚ್ಕೊಂಡು ತೋಟಕ್ಕೆ ಇಳೀತೇವೆ. ಈಗ ಮಂಡಿವರೆಗೆ ಬರೋ ಬಟ್ಟೆ ಸಾಕ್ಸೂ ಸಿಗ್ತದೆ. ಹೊಳೆಗೆ ಇಳಿಯೋದಿದ್ರೆ ಮಾತ್ರ ಉಪ್ಪು, ಸುಣ್ಣ ಎಲ್ಲಾ ಬೇಡ, ನೀರಿಗೆ ಹೋಗ್ತದೆ, ಕಪ್ಪೆ ಮೀನಿಗೆ ಒಳ್ಳೇದಲ್ಲ. ಹತ್ತಿದ್ರೆ ಎಳೆದು ಕೀಳ್ಬೇಡಿ, ಉಗುರಿನ ತುದಿಯಿಂದ ಬಾಯಿ ಬಿಡಿಸಿ, ರಕ್ತ ಸ್ವಲ್ಪ ಹೊತ್ತು ಹರೀತದೆ, ಅದರ ಎಂಜಲಿಗೆ ರಕ್ತ ಹೆಪ್ಪುಗಟ್ಟೂದಿಲ್ಲ, ಗಾಬರಿ ಬೇಡ. ಕಾಡಿನ ಸೊಪ್ಪು ಮೆತ್ತೋಕೆ ಹೋಗದೆ ಶುದ್ಧ ನೀರಲ್ಲಿ ತೊಳೆದು ಒಂದು ಪಟ್ಟಿ ಕಟ್ಟಿ.

ಕುಡ್ಲದ_ಮೊಬೈಲ್

ಚಪ್ಪಲಿ ಒರಗಿಸಿ ತೆಗೆದೆ ನೋಡಿ ಇವತ್ತು, ಶಿಶಿಲದ ಹತ್ರ ಕಪಿಲಾ ಹೊಳೆಯಲ್ಲಿ. ಪ್ರೋ ಮೋಡ್ 1/4. ನೀರಿನ ಎಳೆ ಭಾರೀ ಲಾಯ್ಕ ಬಂದಿದೆ ಮಾರಾಯ್ರೆ, ಮೂಲೆಯಲ್ಲಿ ಚಪ್ಪಲಿಯ ಪಟ್ಟಿ ಸಹ ಬಂದಿದೆ. ಕ್ರಾಪ್ ಮಾಡ್ಬೇಕಾ ಇರ್ಲಿಯಾ?

ಧಾರವಾಡದಾಂವ

ಇರ್ಲಿ ಬಿಡ್ರೀ.